ಕಾಲಿಟ್ಟಲ್ಲಿ ಬೆಳಕು

ನಮ್ಮ ಮನೆಯ ಮೆಟ್ಟಿಲ ಮೇಲಿರುವ ಸೆನ್ಸರ್ ದೀಪದ ಕಣ್ಣಿಗೆ ನಾನು ಬೀಳುವುದೇ ಇಲ್ಲ. ಮೇಲಿನ ಮನೆಯವರು ಹತ್ತಿದರೆ ಪಕ್ಕನೆ ಹೊತ್ತಿಕೊಳ್ಳುತ್ತದೆ. ಬೆಕ್ಕು ಹೋದರೂ ಹೊತ್ತಿಕೊಳ್ಳುತ್ತದೆ. ನಾನು ಮಾತ್ರ ಎರಡೂ ಕೈಯಲ್ಲಿ ಚೀಲ ಹಿಡಿದು, ಕಾಲ್ಬೆರಳಲ್ಲೇ ಅಂಚು ತಡಕುತ್ತ ಎಂಟು ಮೆಟ್ಟಿಲು ಹತ್ತಿ, ಒಂಬತ್ತನೆಯದರ ಮೇಲೆ ನಿಂತು ಚೀಲ ಸಮೇತ ತೋಳು ಬೀಸಬೇಕು. ಆಗ ‘ಓ, ನೀವಾ’ ಅನ್ನುವ ಹಾಗೆ ಬೇಜಾರಿನಿಂದ ಬೆಳಗುತ್ತದೆ. ರಿಪೇರಿಗೆ ಬಂದ ಹುಡುಗ ಏಣಿ ಹತ್ತಿ, ಇಳಿದು, ದೀಪದಲ್ಲಿ ಏನೂ ತೊಂದರೆಯಿಲ್ಲ ಅಂದ. ತೊಂದರೆ ಯಾರಲ್ಲಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಅದು ನಮ್ಮ ಮೈಯ ಶಾಖ ಅಲುಗಾಡುವುದನ್ನು ಹಿಡಿಯುತ್ತದಂತೆ. ಎದುರಿಗೆ ಅಡ್ಡ ಹಾದುಹೋದರೆ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನೇರವಾಗಿ ಅದರ ಕಡೆಗೇ ನಡೆದು ಬಂದರೆ ಅಷ್ಟು ಗೊತ್ತಾಗುವುದಿಲ್ಲ. “ನೀವು ಸ್ವಲ್ಪ ಅಡ್ಡಡ್ಡ ಹತ್ತಿ ಸಾರ್,” ಅಂದ. ಇದ್ದ ಮನೆಗೆ ಏಡಿಯ ಹಾಗೆ ಹತ್ತಬೇಕಂತೆ.

ಇದೇ ಮೆಟ್ಟಿಲ ಮೇಲೆ, 2022ರ ಸೆಪ್ಟೆಂಬರಿನ ಒಂದು ರಾತ್ರಿ, ನನ್ನ ಅಕ್ಕನ ಮಗ ನಿಂತುಬಿಟ್ಟ. ‘ಅವತಾರ್’ ಎಂಬ ಇಂಗ್ಲಿಷ್ ಸಿನಿಮಾ ಆಗ ಮತ್ತೆ ಬಿಡುಗಡೆಯಾಗಿತ್ತು, ಇಬ್ಬರೂ ಅದನ್ನು ನೋಡಿ ಬಂದಿದ್ದೆವು. 2009ರ ಡಿಸೆಂಬರಿನಲ್ಲಿ ಅದು ಮೊದಲು ಬಂದಾಗ ಇವನಿಗೆ ನಾಲ್ಕು ವರ್ಷ. ಕರೆದುಕೊಂಡು ಹೋಗಿದ್ದರೆ ಮಧ್ಯಂತರಕ್ಕೆ ಮೊದಲೇ ನಿದ್ದೆ ಮಾಡುತ್ತಿದ್ದ. ಈಗ ಹದಿನೇಳು. ಹಾಗಾಗಿ ನಿದ್ದೆ ಮಾಡಲಿಲ್ಲ, ಬೆರಗಿನಿಂದ ತೆರೆದ ಬಾಯಿ ಮುಚ್ಚಲೂ ಇಲ್ಲ. ಹಿಂತಿರುಗುವ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಮೆಟ್ಟಿಲ ಬುಡದಲ್ಲಿ, ಕತ್ತಲಲ್ಲಿ, ಒಂದು ಕಾಲು ಮೇಲಿಟ್ಟು ಕಾದ. ಏನೂ ಆಗಲಿಲ್ಲ.

“ಮಾವಾ, ಅಲ್ಲಿ ಕಾಲಿಟ್ಟಲ್ಲೆಲ್ಲ ಬೆಳಕು ಬರ್ತಿತ್ತು,” ಅಂದ.

ನಾನು ಕೈ ಬೀಸತೊಡಗಿದೆ.

ಒಂದು ವಾರ ಕಳೆದ ಮೇಲೆ ಅಕ್ಕನ ಫೋನು. “ಕರ್ಕೊಂಡು ಹೋದೋನು ನೀನು. ಏನು ತೋರಿಸ್ದ್ಯೋ ನನ್ನ ಮಗನಿಗೆ? ಮೂರು ಹೊತ್ತೂ ಮಲಕ್ಕೊಂಡು ಫ್ಯಾನ್ ನೋಡ್ತಾನೆ. ಕೇಳಿದ್ರೆ, ಇಲ್ಲಿ ಯಾವುದಕ್ಕೂ ಬಣ್ಣಾನೇ ಇಲ್ಲ ಅಂತಾನೆ. ಮೊನ್ನೆ ತಾನೇ ಗೋಡೆಗೆ ಬಣ್ಣ ಹೊಡೆಸಿದೀನಿ!” ಕಾರಣ ಕಂಡುಹಿಡಿದು ಹೇಳುತ್ತೇನೆ ಎಂದು ಮಾತು ಕೊಟ್ಟು ಫೋನಿಟ್ಟೆ. ಅಕ್ಕನಿಗೆ ಕೊಟ್ಟ ಮಾತುಗಳಲ್ಲಿ ನಾನು ಉಳಿಸಿಕೊಂಡದ್ದು ಕಡಿಮೆ.

ಇದು ಇವನೊಬ್ಬನ ಕಾಯಿಲೆಯಲ್ಲ. 2010ರ ಜನವರಿಯಲ್ಲೇ ಸುದ್ದಿಯಾಗಿತ್ತು: ಆ ಸಿನಿಮಾ ನೋಡಿ ಹೊರಬಂದ ಕೆಲವರಿಗೆ ಮಂಕು ಹಿಡಿದಿದೆ, ಅದರ ಕಥೆ ನಡೆಯುವ ಪಂಡೋರಾ ಎಂಬ ಆ ಉಪಗ್ರಹ ಎಲ್ಲೂ ಇಲ್ಲವಲ್ಲ ಎಂಬ ಕೊರಗು ಬಿಡುತ್ತಿಲ್ಲ, ಈ ಲೋಕ ಬೂದಿ ಬಳಿದ ಹಾಗೆ ಕಾಣುತ್ತಿದೆ ಎಂದು. ಓದಿ ಜೋರಾಗಿ ನಕ್ಕಿದ್ದೆ. ಪಕ್ಕದವರ ಮನೆಯ ಕಾಯಿಲೆಗೆ ನಗುವುದು ಸುಲಭ. ಅದೇ ತಿಂಗಳು ಚೀನಾದ ಜಾಂಗ್‌ಜಿಯಾಜಿಯಲ್ಲಿ ಕಂಬದ ಹಾಗೆ ನಿಂತ ಒಂದು ಬಂಡೆಗೆ, ಸಾವಿರ ಮೀಟರಿಗೂ ಮಿಗಿಲಾದದ್ದಕ್ಕೆ, ಆ ಸಿನಿಮಾದ ತೇಲುವ ಬೆಟ್ಟದ ಹೆಸರಿಟ್ಟರು. ಬಂಡೆಯೇನೂ ತೇಲುವುದಿಲ್ಲ. ಬುಡ ನೆಲದಲ್ಲೇ ಇದೆ. ಕೋಟ್ಯಂತರ ವರ್ಷ ಮಳೆಗಾಳಿಗೆ ಸವೆದು ತಾನಾಗಿ ಆದ ಬೆಟ್ಟಕ್ಕೆ, ಕಂಪ್ಯೂಟರಿನಲ್ಲಿ ಮಾಡಿದ ಬೆಟ್ಟದ ಹೆಸರು! ಮಗನಿಗೆ ಮೊಮ್ಮಗನ ಹೆಸರಿಟ್ಟ ಹಾಗಾಯಿತು.

ಕಾರಣ ಹೇಳುವವರಿಗೆ ಬರವಿಲ್ಲ. ಒಂದು ಕೈ ಬಿಸಿನೀರಿನಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ. ಒಂದೇ ನೀರು ಎರಡು ಕೈಗೆ ಎರಡು ಥರ ಎಂಬುದನ್ನು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಹದಿನೇಳನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಸಿನಿಮಾ ಬಿಸಿನೀರು, ಬದುಕು ಉಗುರುಬೆಚ್ಚಗೆ, ಅಷ್ಟೇ ಎನ್ನುತ್ತಾರೆ ತಿಳಿದವರು. ಇರಬಹುದು. ಆದರೆ ಕೈ ಐದು ನಿಮಿಷಕ್ಕೆ ಸರಿಹೋಗುತ್ತದೆ. ಹುಡುಗ ವಾರವಾದರೂ ಫ್ಯಾನ್ ನೋಡುತ್ತಿದ್ದಾನೆ. ಅದೂ ಅಲ್ಲದೆ ಆ ತ್ರೀಡಿ ಕನ್ನಡಕ ಬೆಳಕು ಕುಡಿಯುವ ವಸ್ತು. ಪರದೆಯಿಂದ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದೇ ನುಂಗಿಹಾಕುತ್ತದೆ. ನನ್ನ ಓದುವ ಕನ್ನಡಕದ ಮೇಲೆ ಅದನ್ನೂ ಹೇರಿಕೊಂಡು, ಮೂಗಿನ ಮೇಲೆ ಎರಡು ಗುಂಡಿ ಬೀಳಿಸಿಕೊಂಡು ಕೂತಿದ್ದೆ. ಕೊನೆಗೆ ಅದನ್ನು ತೆಗೆದಾಗ ಲೋಕ ಇನ್ನಷ್ಟು ಬೆಳಗಬೇಕಿತ್ತಲ್ಲ? ತೆಗೆದು ನೋಡಿದರೆ ಕಂಡದ್ದು ಸೀಟಿನ ಕೆಳಗೆ ಯಾರೋ ಒದ್ದು ಹೋಗಿದ್ದ ನನ್ನ ಚಪ್ಪಲಿ.

ಇನ್ನು ‘ಪ್ರಕೃತಿಗಿಂತ ದೊಡ್ಡ ಸಿನಿಮಾ ಯಾವುದಿದೆ, ಬೆಳಿಗ್ಗೆ ಎದ್ದು ಸೂರ್ಯೋದಯ ನೋಡಲಿ’ ಎನ್ನುವವರಿದ್ದಾರೆ. ಇವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿನಿಮಾದಲ್ಲಿ ಸೂರ್ಯೋದಯಕ್ಕೆ ನಾಲ್ಕು ಸೆಕೆಂಡು. ಸೆಕೆಂಡಿಗೆ 24 ಚಿತ್ರದಂತೆ 96 ಚಿತ್ರ, ಮುಗಿಯಿತು. ನಿಜವಾದದ್ದಕ್ಕೆ ಐದಕ್ಕೇ ಏಳಬೇಕು, ಸ್ವೆಟರ್ ಹುಡುಕಬೇಕು, ಮೋಡ ಇರುತ್ತದೆ. ಜೊತೆಗೆ, ‘ನೋಡಿದ್ರಾ, ಹೇಗಿದೆ!’ ಎಂದು ತಾನೇ ಎಬ್ಬಿಸಿ ತಂದ ಹಾಗೆ ಬೀಗುವ ಒಬ್ಬ ಮನುಷ್ಯ ಪಕ್ಕದಲ್ಲಿ ಇದ್ದೇ ಇರುತ್ತಾನೆ. ‘ವಾಸ್ತವವನ್ನು ಎದುರಿಸು’ ಎಂದು ಬೋಧಿಸುವ ಮಂದಿಯೂ ಅಷ್ಟೆ. ಅವರ ಮುಖ ನೋಡಿದರೆ ವಾಸ್ತವ ಅವರಿಗೇನು ಮಾಡಿದೆ ಎಂಬುದು ಗೊತ್ತಾಗುತ್ತದೆ.

ಹುಡುಗನ ಮೇಲೆ ತಪ್ಪು ಹೊರಿಸುವ ಮುಂಚೆ ಆ ಕಥೆಯನ್ನಾದರೂ ನೋಡಿ. ನಾಯಕನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಗಾಲಿಕುರ್ಚಿ. ಅವನ ಮನಸ್ಸನ್ನು ಯಂತ್ರದ ಮೂಲಕ ಪಂಡೋರಾದ ನೀಲಿ ಜನರಂಥ ಒಂದು ದೇಹಕ್ಕೆ ಕಳಿಸುತ್ತಾರೆ. ನೀಲಿ ದೇಹದೊಳಗೆ ಎಚ್ಚರಾದೊಡನೆ ತಡೆಯುವವರನ್ನೆಲ್ಲ ತಳ್ಳಿ ಹೊರಗೋಡಿ, ಕಾಲ್ಬೆರಳನ್ನು ಮಣ್ಣಿನಲ್ಲಿ ಹೂತು ನಿಲ್ಲುತ್ತಾನೆ. ಆಮೇಲೆ ಪ್ರತಿ ಸಲ ಈ ಕಡೆಯ ದೇಹಕ್ಕೆ ಮರಳಿದಾಗಲೂ ಮುಖ ಸಿಂಡರಿಸುತ್ತಾನೆ, ಗಡ್ಡ ಬಿಡುತ್ತಾನೆ, ಊಟ ಬೇಡವೆನ್ನುತ್ತಾನೆ. ಕೊನೆಗೆ ಈ ದೇಹವನ್ನೇ ಬಿಟ್ಟು ಆ ಕಡೆಗೆ ಹೊರಟುಹೋಗುತ್ತಾನೆ. ಅದು ಸಿನಿಮಾದ ಶುಭಂ! ಎರಡು ಮುಕ್ಕಾಲು ಗಂಟೆ ಇದನ್ನೇ ತೋರಿಸಿ, ಆಮೇಲೆ ದೀಪ ಹಾಕಿ, ‘ಆ ಬಾಗಿಲಿಂದ ಹೊರಡಿ’ ಎಂದರೆ ಹುಡುಗ ಇನ್ನೇನು ಮಾಡಬೇಕು? ನಾಯಕ ಮಾಡಿದ್ದನ್ನೇ ಮಾಡಿದ್ದಾನೆ, ಊಟ ಬೇಡ ಎಂದಿದ್ದಾನೆ. ಒಂದು ಮಾತು ಮಾತ್ರ ಹೇಳಲೇಬೇಕು. ಅಷ್ಟು ಹೊತ್ತಿನಲ್ಲಿ ಆ ನೀಲಿ ಜನರಲ್ಲಿ ಒಬ್ಬರಾದರೂ ‘ನನ್ನ ಕನ್ನಡಕ ಎಲ್ಲಿಟ್ಟೆ’ ಎಂದು ಹುಡುಕಿದ್ದನ್ನು ನಾನು ಕಾಣೆ.

ಈ ರೋಗ ಹಿಡಿದ ಮೊದಲ ಪ್ರೇಕ್ಷಕ ಪುರಾಣದ ಕಕುದ್ಮಿ ಮಹಾರಾಜ ಎಂದು ನನ್ನ ಅಂದಾಜು. ರೈವತ ಎಂದೂ ಕರೆಯುತ್ತಾರೆ. ಕುಶಸ್ಥಲಿಯ ದೊರೆ. ಮಗಳು ರೇವತಿಗೆ ತಕ್ಕ ಗಂಡು ಭೂಮಿಯ ಮೇಲೆ ಯಾರು ಎಂದು ಗೊತ್ತಾಗದೆ, ಬ್ರಹ್ಮನನ್ನೇ ಕೇಳೋಣ ಎಂದು ಮಗಳನ್ನು ಕರೆದುಕೊಂಡು ಸತ್ಯಲೋಕಕ್ಕೆ ಹೋದ. ಹೋದಾಗ ಅಲ್ಲಿ ಗಂಧರ್ವರ ಗಾಯನ ನಡೆಯುತ್ತಿತ್ತು. ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ ಎಂದು ಅಪ್ಪ ಮಗಳು ಒಂದು ಕಡೆ ನಿಂತು ಕೇಳಿದರು. ಹಾಡುತ್ತಿದ್ದವರು ಹಾಹಾ, ಹೂಹೂ ಎಂಬ ಇಬ್ಬರು. ಹೆಸರು ಕೇಳಿ ನಗಬೇಡಿ, ದೊಡ್ಡ ವಿದ್ವಾಂಸರು. ಕಛೇರಿ ಮುಗಿಯಿತು. ರಾಜ ಮುಂದೆ ಬಂದು, ಮನಸ್ಸಿನಲ್ಲಿದ್ದ ನಾಲ್ಕಾರು ವರಗಳ ಹೆಸರು ಹೇಳಿದ. ಬ್ರಹ್ಮ ನಕ್ಕ. ಅವರೆಲ್ಲ ಎಲ್ಲಿದ್ದಾರಪ್ಪ, ಅವರ ಮೊಮ್ಮಕ್ಕಳ ಹೆಸರು ಹೇಳುವವರೂ ಈಗಿಲ್ಲ. ನೀನು ಹಾಡು ಕೇಳುವಷ್ಟರಲ್ಲಿ ಅಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದಿದೆ ಎಂದ. ಒಂದು ಚತುರ್ಯುಗಕ್ಕೆ 43,20,000 ವರ್ಷ. ಗುಣಿಸಿ ನೋಡಿದೆ: 11,66,40,000 ವರ್ಷ. ಜಾಹೀರಾತು ಬಿಟ್ಟು.

ನನಗೆ ಬೇಕಾದದ್ದು ಇದರ ಮುಂದಿನದು. ರಾಜ ಮಗಳೊಡನೆ ಕೆಳಗಿಳಿದು ಬಂದು ನೋಡುತ್ತಾನೆ: ಜನ ಗಿಡ್ಡವಾಗಿದ್ದಾರೆ! ಎತ್ತರ ಕುಗ್ಗಿದೆ, ಕಸುವು ಕುಗ್ಗಿದೆ, ಬುದ್ಧಿಯೂ ಕುಗ್ಗಿದೆ. ವಿಷ್ಣುಪುರಾಣ ಇದನ್ನು ಕಾಲದ ಮಹಿಮೆ ಎನ್ನುತ್ತದೆ. ನನಗೆ ಅನುಮಾನವಿದೆ. ಒಳ್ಳೆಯ ಕಛೇರಿ ಮುಗಿಸಿ, ಕಿವಿಯಲ್ಲಿ ಇನ್ನೂ ಅದೇ ಗುಂಯ್‌ಗುಟ್ಟುವಾಗ ಬೀದಿಗೆ ಬಂದವನಿಗೆ ಎದುರು ಬರುವವರೆಲ್ಲ ಗಿಡ್ಡವಾಗಿ ಕಾಣಲು ಹನ್ನೊಂದು ಕೋಟಿ ವರ್ಷವೇ ಆಗಬೇಕೆ? ಹನ್ನೊಂದು ನಿಮಿಷ ಸಾಕು. ‘ಅವತಾರ್’ನ ನೀಲಿ ಜನ ಹತ್ತು ಅಡಿ ಎತ್ತರ. ನಾನು ಐದೂವರೆ. ಅಳಿಯ ಮೆಟ್ಟಿಲ ಬುಡದಲ್ಲಿ ನನ್ನನ್ನು ನೋಡಿದ ನೋಟ ಕಕುದ್ಮಿಯದೇ.

ರಾಜ ಮುಂದೇನು ಮಾಡಿದ? ಬ್ರಹ್ಮ ಹೇಳಿದಂತೆ ಬಲರಾಮನಿಗೆ ಮಗಳನ್ನು ಕೊಟ್ಟು, ತಾನು ಹಿಮಾಲಯಕ್ಕೆ ತಪಸ್ಸಿಗೆ ಹೋದ. ಅಂದರೆ ಅವನೂ ಫ್ಯಾನ್ ನೋಡುತ್ತ ಮಲಗಿದ. ಅವನ ಕಾಲಕ್ಕೆ ತಕ್ಕ ಹಾಗೆ. ರೇವತಿಯದು ಬೇರೆ ಸಮಸ್ಯೆ. ಹಳೆಯ ಯುಗದ ಹುಡುಗಿ, ಗಂಡನಿಗಿಂತ ಎಷ್ಟೋ ಎತ್ತರ. ಬಲರಾಮ ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿ, ಉಳಿದ ಹೆಂಗಸರ ಅಳತೆಗೆ ತಂದನಂತೆ. ಪುರಾಣ ಒಂದೇ ಸಾಲಿನಲ್ಲಿ ಇದನ್ನು ಮುಗಿಸಿಬಿಡುತ್ತದೆ. ಆ ಕಛೇರಿಯನ್ನು ಅವಳೂ ಕೇಳಿದ್ದಳಲ್ಲ? ಅವಳಿಗೆ ಇಲ್ಲಿಯ ಹಾಡು ಹಿಡಿಸಿತೋ ಇಲ್ಲವೋ, ಅಡುಗೆಮನೆಯಲ್ಲಿ ಯಾವಾಗಲಾದರೂ ಹಾಹಾ ಹೂಹೂಗಳ ಆಲಾಪ ನೆನಪಾಗಿ ಕೈ ನಿಲ್ಲುತ್ತಿತ್ತೋ ಏನೋ, ಯಾರೂ ಕೇಳಲಿಲ್ಲ. ತಪಸ್ಸಿಗೆ ಹೋಗುವ ಸವಲತ್ತು ಅಪ್ಪನಿಗೆ. ಮೊಟಕಾಗುವ ಪಾಡು ಮಗಳಿಗೆ. ಅಕ್ಕನಿಗೆ ಈ ಕಥೆಯನ್ನು ಫೋನಿನಲ್ಲಿ ಇಡೀ ಹೇಳಿದೆ. “ಅದು ಸರಿ, ಇವನ ಕಥೆ ಏನು?” ಅಂದಳು.

ಇವನ ಕಥೆಗೇ ಬರುತ್ತೇನೆ. ಕಾಲಿಟ್ಟಲ್ಲಿ ಬೆಳಗುವಂಥದ್ದು ಇಲ್ಲೂ ಇದೆ ಎಂದು ಅವನಿಗೆ ಹೇಳೋಣ ಅನ್ನಿಸಿತು. ಸುಳ್ಳಲ್ಲ. ನಾನೇ ಒಮ್ಮೆ ಕಂಡಿದ್ದೇನೆ. ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಸಮುದ್ರದ ದಡದಲ್ಲಿ ಎರಡು ಗಂಟೆ ನಿಂತಿದ್ದೆ. ಪ್ಯಾಂಟು ಮೊಣಕಾಲಿಗೆ ಮಡಚಿದ್ದೆ, ಒಂದು ಮಡಿಕೆ ಬಿಚ್ಚಿಕೊಂಡು ನೆನೆಯುತ್ತಿತ್ತು. ಏನೂ ಇಲ್ಲ, ಹೊರಡೋಣ ಎಂದು ಕಾಲೆಳೆದಾಗ ಪಾದದ ಸುತ್ತ ಒಂದು ಮಸುಕು ನೀಲಿ, ಬೆಂಕಿಕಡ್ಡಿ ಗೀರಿ ಹತ್ತದೇ ಹೋದಾಗ ಮಿನುಗುತ್ತದಲ್ಲ ಅಷ್ಟು, ಬಂದು ಹೋಯಿತು. ಮತ್ತೆ ಎಳೆದೆ, ಮತ್ತೆ ಬಂತು. ಅರ್ಧ ಗಂಟೆ ನೀರು ಒದೆಯುತ್ತ ಒಬ್ಬನೇ ನಗುತ್ತಿದ್ದೆ. ಫೋನು ತೆಗೆದು ಫೋಟೋ ಹಿಡಿದರೆ ಬರೀ ಕಪ್ಪು.

ಆಮೇಲೆ ಓದಿಕೊಂಡೆ. ಓದಬಾರದಿತ್ತು. ಆ ಬೆಳಕು ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೇ ಕೋಶದ ಜೀವಿಗಳದು. ನೀರು ಕದಡಿದೊಡನೆ ಮಿನುಗುತ್ತವೆ. ಯಾಕೆಂದರೆ ತಿನ್ನಲು ಬಂದವನು ಬೆಚ್ಚಿಬೀಳಲಿ, ಇಲ್ಲವೇ ಆ ಬೆಳಕಿಗೆ ಅವನನ್ನೇ ತಿನ್ನುವ ಇನ್ನೂ ದೊಡ್ಡವನು ಬರಲಿ ಎಂದು. ಅಂದರೆ ಅದು ಸ್ವಾಗತವಲ್ಲ, ‘ಅಯ್ಯೋ, ಬಂದ್ನಪ್ಪಾ’ ಎಂಬ ಬೊಬ್ಬೆ. ಅರ್ಧ ಗಂಟೆ ನಾನು ಲಕ್ಷಾಂತರ ಜೀವಿಗಳನ್ನು ಹೆದರಿಸುತ್ತ ಪುಳಕಗೊಂಡಿದ್ದೆ. ಪಂಡೋರಾದ ಹಾವಸೆ ಮಾತ್ರ ನಾಯಕ ಹೆಜ್ಜೆಯಿಟ್ಟರೆ ಹೂ ಹಾಸಿದ ಹಾಗೆ ಬೆಳಗುತ್ತದೆ. ಅವನು ಬಂದ ಎಂದು ಆ ಕಾಡಿಗೆ ಗೊತ್ತು, ಖುಷಿಯೂ ಇದೆ. ನಮ್ಮ ಮೆಟ್ಟಿಲಿಗೆ...

ಇರಲಿ. ಇದನ್ನು ಹುಡುಗನಿಗೆ ಹೇಳಲಿಲ್ಲ. ಸಮುದ್ರದ ವಿಷಯವನ್ನಷ್ಟೇ, ಬೊಬ್ಬೆಯ ಭಾಗ ಬಿಟ್ಟು ಹೇಳಿದೆ. “ಫೋಟೋ ಇದ್ಯಾ ಮಾವಾ?” ಅಂದ. ತೋರಿಸಿದೆ. ಕಪ್ಪು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ.

ತಿಂಗಳೊಳಗೆ ತಾನಾಗಿ ಸರಿಹೋದ. ಏನು ಮಾಡಿದೆ ಎಂದು ಅಕ್ಕನನ್ನು ಕೇಳಿದೆ. “ಏನೂ ಇಲ್ಲ, ಪರೀಕ್ಷೆ ಬಂತು,” ಅಂದಳು.

ಹೋದ ವಾರ ಬಂದಿದ್ದ. ಈಗ ಕೆಲಸಕ್ಕೆ ಹೋಗುತ್ತಾನೆ. ಭುಜ ಅಗಲವಾಗಿದೆ, ನನಗಿಂತ ಗೇಣುದ್ದ ಎತ್ತರ. ರಾತ್ರಿ ಇಬ್ಬರೂ ಕೈತುಂಬ ಸಾಮಾನು ಹೊತ್ತು ಮೆಟ್ಟಿಲು ಹತ್ತಿದೆವು. ಈ ಸಲ ಅವನು ಮುಂದೆ. ಎಂಟು ಮೆಟ್ಟಿಲು ಕತ್ತಲಲ್ಲೇ ಆಯಿತು.

“ಏನ್ ಮಾವಾ, ನನಗೂ ಹತ್ತಲ್ವಲ್ಲ?”

“ಅಡ್ಡಡ್ಡ ನಡಿ,” ಅಂದೆ.

ಅವನು ಗೋಡೆಗೆ ಬೆನ್ನು ಕೊಟ್ಟು ತಿರುಗಿದ, ನಾನೂ ತಿರುಗಿದೆ. ಎರಡು ಏಡಿಗಳು ಚೀಲ ಕುಲುಕಿಸುತ್ತ ನಿಂತೆವು. ಅವನಿಗೆ ನಗು ತಡೆಯಲಾಗದೆ ಒಂದು ಚೀಲ ಜಾರಿ, ಒಳಗಿದ್ದದ್ದು ಉರುಳಿ ಕೆಳಗೆ ಹೋಯಿತು. ಅಷ್ಟರಲ್ಲಿ ಮೇಲಿನಿಂದ ಬೆಕ್ಕು ಇಳಿದು ಬಂತು. ದೀಪ ಪಕ್ಕನೆ ಹೊತ್ತಿಕೊಂಡಿತು. ಅದು ನಮ್ಮಿಬ್ಬರ ಕಾಲ ಸಂದಿಯಲ್ಲಿ ನುಸುಳಿ ಹೋಗುವಷ್ಟರಲ್ಲಿ, ಆ ಬೆಳಕಿನಲ್ಲೇ, ನಾವೂ ಬೇಗಬೇಗ ಉಳಿದ ಮೆಟ್ಟಿಲು ಹತ್ತಿದೆವು.