ಈಸ್ಟ್ರೋಜನ್ ಕೋಶಕೇಂದ್ರ ತಲುಪುವ ಮೊದಲೇ

ಈಸ್ಟ್ರೋಜನ್ ಹೇಗೆ ಕೆಲಸ ಮಾಡುತ್ತದೆ ಎಂದು ಜೀವಶಾಸ್ತ್ರ ಓದಿದ ಯಾರನ್ನು ಕೇಳಿದರೂ ಬಹುತೇಕ ಒಂದೇ ಉತ್ತರ ಬರುತ್ತದೆ: ಕೊಬ್ಬಿನಲ್ಲಿ ಕರಗುವ ಈ ಹಾರ್ಮೋನು ಕೋಶಪೊರೆಯನ್ನು ದಾಟಿ ಒಳಹೋಗಿ ತನ್ನನ್ನು ಗುರುತಿಸುವ ಪ್ರೋಟೀನಾದ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ; ಆ ಜೋಡಿ ಡಿಎನ್‌ಎ ಮೇಲೆ ಕುಳಿತು ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಉತ್ತರ ತಪ್ಪಲ್ಲ. ಆದರೆ ಹೊಸ ಪ್ರೋಟೀನು ತಯಾರಾಗಿ ಅದರ ಪರಿಣಾಮ ಕಾಣಿಸಲು ಗಂಟೆಗಳೇ ಬೇಕು. ಸೆಕೆಂಡು, ನಿಮಿಷಗಳಲ್ಲಿ ನಡೆದುಹೋಗುವ ಕೆಲಸಗಳನ್ನು ಈ ದಾರಿ ವಿವರಿಸಲಾರದು. ಅಂಥ ಕೆಲಸಗಳನ್ನು ಇಂದಿಗೂ ಅಡಿಟಿಪ್ಪಣಿಗೆ ತಳ್ಳಿ ಪಾಠ ಮಾಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಸುಳಿವು ಸಿಕ್ಕಿದ್ದು ಈಚೆಗೇನಲ್ಲ. ಈಸ್ಟ್ರೋಜನ್‌ನ ಮುಖ್ಯ ರೂಪವಾದ ಈಸ್ಟ್ರಡಯಾಲ್ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಇಲಿಯ ಗರ್ಭಕೋಶದಲ್ಲಿ ಕೋಶದೊಳಗಿನ ಸಂದೇಶವಾಹಕ ಅಣುವಾದ ಸೈಕ್ಲಿಕ್ ಎಎಂಪಿ ಏರುವುದನ್ನು ವಿಜ್ಞಾನಿ ಕ್ಲಾರಾ ಸೆಗೊ ಮತ್ತು ಸಹೋದ್ಯೋಗಿ ಡೇವಿಸ್ 1967ರಲ್ಲೇ ವರದಿ ಮಾಡಿದ್ದರು. ಹಾಗೆಂದು ಆಮೇಲೆ ಸಂಶಯಪಟ್ಟವರನ್ನು ಪೂರ್ತಿ ದೂರುವಂತಿಲ್ಲ. ಕೋಶದೊಳಗೆ ನುಸುಳಬಾರದೆಂದು ಹಾರ್ಮೋನನ್ನು ಆಲ್ಬುಮಿನ್ ಎಂಬ ದೊಡ್ಡ ಪ್ರೋಟೀನಿಗೆ ಕಟ್ಟಿ ಪ್ರಯೋಗ ಮಾಡಿದರೆ, ಅದರಲ್ಲಿ ಒಂದಿಷ್ಟು ಕಳಚಿಕೊಂಡು ಒಳಗೆ ಹೋಗಿಯೇಬಿಡುತ್ತಿತ್ತು; ಹಾಗಾಗಿ ಪರಿಣಾಮ ಪೊರೆಯಿಂದಲೇ ಬಂತೆಂದು ಖಚಿತವಾಗಿ ಹೇಳುವಂತಿರಲಿಲ್ಲ.

ರಕ್ತನಾಳದ ಒಳಪದರದ ಕೋಶವನ್ನೇ ನೋಡೋಣ. ಅಲ್ಲಿ ಈಸ್ಟ್ರೋಜನ್ ಗ್ರಾಹಕ ಆಲ್ಫಾದ ಸಣ್ಣ ಪಾಲೊಂದು ಕೋಶಕೇಂದ್ರದಲ್ಲಿರದೆ ಪೊರೆಯ ಬಳಿ ಇರುತ್ತದೆ. ಮನುಷ್ಯರ ಗ್ರಾಹಕದ 447ನೇ ಸ್ಥಾನದ ಸಿಸ್ಟೀನ್ ಎಂಬ ಅಮಿನೋ ಆಮ್ಲಕ್ಕೆ ಪಾಮಿಟಿಕ್ ಆಮ್ಲ ಜೋಡಣೆಯಾದಾಗ, ಆ ಕೊಬ್ಬಿನ ಬಾಲ ಅದನ್ನು ಪೊರೆಯಲ್ಲಿ, ಕೇವಿಯೊಲಿನ್-1 ಪ್ರೋಟೀನಿನ ಪಕ್ಕದಲ್ಲಿ, ಹಿಡಿದಿಡುತ್ತದೆ. ಹಾರ್ಮೋನು ಬಂದು ತಗುಲಿದೊಡನೆ, ಇತರ ಅಣುಗಳಿಗೆ ಫಾಸ್ಫೇಟ್ ಜೋಡಿಸುವ ಕಿಣ್ವಗಳಾದ ಸಾರ್ಕ್ ಮತ್ತು ಪಿಐ3 ಕೈನೇಸ್‌ಗಳು, ಅವುಗಳ ಬೆನ್ನಿಗೆ ಎಕೆಟಿ ಕೈನೇಸ್ ಎಚ್ಚೆತ್ತು, ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಫಾಸ್ಫೇಟ್ ಜೋಡಿಸುತ್ತವೆ. ಹೊರಬಂದ ಅನಿಲ ಪಕ್ಕದ ಸ್ನಾಯುವನ್ನು ಸಡಿಲಿಸಿ, ನಿಮಿಷಗಳಲ್ಲೇ ನಾಳ ಹಿಗ್ಗುತ್ತದೆ. ಇಷ್ಟರಲ್ಲಿ ಒಂದು ವಂಶವಾಹಿಯೂ ಚಾಲೂ ಆಗಬೇಕಾಗಿಲ್ಲ.

ನನ್ನ ಮಟ್ಟಿಗೆ ವಾದ ಗೆದ್ದದ್ದು 2014ರಲ್ಲಿ ಪ್ರಕಟವಾದ ಚಿಟ್ಟಿಲಿಗಳ (ಮೌಸ್) ಅಧ್ಯಯನದಿಂದ. ಚಿಟ್ಟಿಲಿಯ ಗ್ರಾಹಕದಲ್ಲಿ ಅದೇ ಸಿಸ್ಟೀನ್ 451ನೇ ಸ್ಥಾನದಲ್ಲಿದೆ. ಅದೊಂದನ್ನು ಅಲನಿನ್ ಎಂಬ ಬೇರೆ ಅಮಿನೋ ಆಮ್ಲಕ್ಕೆ ಬದಲಾಯಿಸಿದಾಗ ಗರ್ಭಕೋಶ ಹಾರ್ಮೋನಿಗೆ ಬಹುಮಟ್ಟಿಗೆ ಮೊದಲಿನಂತೆಯೇ ಸ್ಪಂದಿಸಿತು, ಆದರೆ ರಕ್ತನಾಳದ ಕ್ಷಿಪ್ರ ಹಿಗ್ಗುವಿಕೆ ಇಲ್ಲವಾಯಿತು. ಅಷ್ಟೇ ಅಲ್ಲ, ಹೆಣ್ಣು ಚಿಟ್ಟಿಲಿಗಳು ಬಂಜೆಯಾದವು. ಪ್ರೋಟೀನಿನ ಒಂದೇ ಒಂದು ಕೊಂಡಿ ಬದಲಾದದ್ದಕ್ಕೆ ಸಂತಾನಶಕ್ತಿಯೇ ಹೋಯಿತೆಂದರೆ, ಇದನ್ನು ಉಪಕಥೆ ಎನ್ನುವುದು ಹೇಗೆ?

ಕೋಶದೊಳಗೆ ಸಂದೇಶ ಸಾಗಿಸುವ ಜಿ ಪ್ರೋಟೀನಿಗೆ ಜೋಡಿಯಾಗುವ ಜಿಪಿಇಆರ್ ಎಂಬ ಬೇರೆಯೇ ಗ್ರಾಹಕದ ವಿಷಯದಲ್ಲಿ ಮಾತ್ರ ನಾನು ತುಸು ಹಿಂಜರಿಯುತ್ತೇನೆ. 2005ರಲ್ಲಿ ಇದು ಸುದ್ದಿಯಾದಾಗಲೇ ಒಂದು ತಂಡ ಅದು ಕೋಶಪೊರೆಯಲ್ಲಿದೆ ಎಂದರೆ, ಇನ್ನೊಂದು ಕೋಶದೊಳಗಿನ ಎಂಡೋಪ್ಲಾಸ್ಮಿಕ್ ಜಾಲದಲ್ಲಿದೆ ಎಂದಿತು. ಅದನ್ನು ತೆಗೆದುಹಾಕಿದ ಚಿಟ್ಟಿಲಿಗಳು ಮರಿ ಹಾಕುತ್ತವೆ. ಆದರೂ ಅದನ್ನು ಬದಿಗಿಡುವಂತಿಲ್ಲ, ಏಕೆಂದರೆ ಸ್ತನ ಕ್ಯಾನ್ಸರ್‌ಗೆ ಕೊಡುವ ಫುಲ್ವೆಸ್ಟ್ರಾಂಟ್ ಆಲ್ಫಾ ಗ್ರಾಹಕವನ್ನು ತಡೆದು ನಾಶಮಾಡುವಂಥದ್ದಾದರೂ, ಪ್ರಯೋಗಾಲಯದ ಕೋಶಗಳಲ್ಲಿ ಜಿಪಿಇಆರ್ ಅನ್ನು ಉದ್ದೀಪಿಸುತ್ತದೆ. ಇನ್ನು ಪೊರೆಯಿಂದ ಹೊರಟ ಕೈನೇಸ್‌ಗಳಾದರೋ ಅಲ್ಲಿಗೇ ನಿಲ್ಲದೆ ಕೋಶಕೇಂದ್ರದ ಪ್ರೋಟೀನುಗಳಿಗೂ ಫಾಸ್ಫೇಟ್ ಅಂಟಿಸಿ, ವಂಶವಾಹಿಗಳ ಓದನ್ನೇ ಏರಿಳಿಸುತ್ತವೆ. ಹೀಗಿರುವಾಗ ಈ ಗ್ರಾಹಕಗಳನ್ನು ತಡೆಯುವ ಹೊಸ ಔಷಧವೊಂದನ್ನು ಪರೀಕ್ಷಿಸುವವರು ಮರುದಿನದ ವಂಶವಾಹಿ ಚಟುವಟಿಕೆಯನ್ನು ಅಳೆಯುವುದರ ಜೊತೆಗೆ, ಮೊದಲ ಹತ್ತು ನಿಮಿಷಗಳ ಕೈನೇಸ್ ಚಟುವಟಿಕೆಯನ್ನೂ ಕಡ್ಡಾಯವಾಗಿ ಅಳೆಯಬೇಕು ಎಂದು ನಾನು ಕೇಳುತ್ತೇನೆ.