ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಹಲ್ ಊರಿನ ತೂಬಿನ ಲೆಕ್ಕ

ನಿನ್ನೆ ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಅಂತ ಮಾಡಿದ ಒಂದು ಕನ್ನಡ ವಿಡಿಯೋ ಕಣ್ಣಿಗೆ ಬಿತ್ತು. ವಿಷಯ, ಇಂಗ್ಲೆಂಡಿನ ಅಂತರ್ಯುದ್ಧ. ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ 1642ರಲ್ಲಿ ಜಗಳ ಹತ್ತಿತಂತೆ, ಪಾರ್ಲಿಮೆಂಟಿನ ಕಡೆ ಕ್ರಾಮ್‌ವೆಲ್ ಬಂದನಂತೆ, ಗೆದ್ದನಂತೆ, ಅರಸನ ತಲೆ ಹೋಯಿತಂತೆ. ಮುಗೀತು. ತೋರಿಸಿದ ಭೂಪಟದಲ್ಲಿ ಲಂಡನ್ ಇದೆ, ಆಕ್ಸ್‌ಫರ್ಡ್ ಇದೆ. ಉತ್ತರದ ಯಾರ್ಕ್‌ಷೈರ್ ಸೀಮೆ ಇರಬೇಕಾದ ಜಾಗದ ಮೇಲೆ ಕ್ರಾಮ್‌ವೆಲ್‌ನ ದೊಡ್ಡ ಚಿತ್ರ ಅಂಟಿಸಿದ್ದಾರೆ. ಪಾಪ, ಬೇರೆಲ್ಲೂ ಜಾಗ ಸಿಕ್ಕಿರಲಿಕ್ಕಿಲ್ಲ.

ಈ ಯುದ್ಧದ ವಿಷಯ ಬಂದರೆ ನಾನು ಸುಮ್ಮನಿರುವುದಿಲ್ಲ ಅಂತ ಇಲ್ಲಿರುವ ಹಳೇ ಗೆಳೆಯರಿಗೆ ಗೊತ್ತು. ಸಿಟ್ಟು ಬಂದಿರುವುದು ಒಂದೇ ಕಾರಣಕ್ಕೆ: ಗೆದ್ದೆತ್ತಿನ ಬಾಲ ಹಿಡಿಯುವ ಈ ಚಾಳಿ. ಯುದ್ಧ ಶುರುವಾದಾಗ ಕ್ರಾಮ್‌ವೆಲ್ ಅರವತ್ತು ಚಿಲ್ಲರೆ ಕುದುರೆಗಳ ಒಂದು ತುಕಡಿಯ ಕ್ಯಾಪ್ಟನ್, ಅಷ್ಟೇ. ಅದೇ ಹೊತ್ತಿನಲ್ಲಿ ಇಡೀ ಯಾರ್ಕ್‌ಷೈರನ್ನು ಪಾರ್ಲಿಮೆಂಟಿನ ಪರವಾಗಿ ಹಿಡಿದಿಡುವ ಕೆಲಸ ಬಿದ್ದದ್ದು 58 ವರ್ಷದ ಫರ್ಡಿನಾಂಡೊ ಫೇರ್‌ಫ್ಯಾಕ್ಸ್‌ನ ತಲೆಗೆ. ಮಗ ಥಾಮಸ್‌ನ ಹೆಸರನ್ನಾದರೂ ಕೆಲವರು ಹೇಳುತ್ತಾರೆ, ಆಮೇಲೆ ಪಾರ್ಲಿಮೆಂಟ್ ಕಟ್ಟಿದ ‘ಹೊಸ ಮಾದರಿ ಸೈನ್ಯ’ದ ದಂಡನಾಯಕನಾದನಲ್ಲ, ಅದಕ್ಕೆ. ಅಪ್ಪನ ಹೆಸರು ಯಾರಿಗೂ ಬೇಡ.

ಆತನಿಗೆ ಯುದ್ಧವೇ ಬೇಕಿರಲಿಲ್ಲ ಅನ್ನುವುದರಿಂದ ಶುರು ಮಾಡಬೇಕು. 1642ರ ಸೆಪ್ಟೆಂಬರ್ 29ರಂದು ರಾಥ್‌ವೆಲ್‌ನಲ್ಲಿ ಯಾರ್ಕ್‌ಷೈರಿನ ಎರಡೂ ಕಡೆಯ ಜಮೀನ್ದಾರರು ಕೂತು, ನಮ್ಮ ಸೀಮೆಯಲ್ಲಿ ಬಡಿದಾಟ ಬೇಡ ಅಂತ ಒಂದು ಒಪ್ಪಂದ ಮಾಡಿಕೊಂಡರು. ಫೇರ್‌ಫ್ಯಾಕ್ಸ್ ಅದಕ್ಕೆ ಸಹಿ ಹಾಕಿದ. ಪಾರ್ಲಿಮೆಂಟ್ ಅದನ್ನು ಒಪ್ಪಲಿಲ್ಲ. ಪಾರ್ಲಿಮೆಂಟಿನ ಪರವಾಗಿ ಹಲ್ ಬಂದರಿನ ಕೋಟೆ ಹಿಡಿದಿದ್ದ ಹಾಥಮ್‌ನ ಮಗನಂತೂ ಲಂಡನ್ನಿನ ಮಾತಿಗೂ ಕಾಯದೆ ದಂಡು ತಂದು ಕಾವುಡ್ ಕೋಟೆ ಹಿಡಿದು ಒಪ್ಪಂದವನ್ನು ಹರಿದುಹಾಕಿದ. ಇದೇ ಹಾಥಮ್ ಅಪ್ಪ-ಮಗ ಮುಂದಿನ ವರ್ಷ ಅರಸನ ಕಡೆಗೆ ಒಳಗೊಳಗೇ ಮಾತುಕತೆಗೆ ಕೂತರು. ಉತ್ಸಾಹ ಜಾಸ್ತಿ ಇರುವವರ ಬಗ್ಗೆ ನನಗೆ ಯಾವಾಗಲೂ ಅನುಮಾನ.

ಈಗ ಕೆಲಸದ ಮಾತು. ಪ್ರಾಂತ್ಯದ ದಂಡನಾಯಕ ಅಂದರೆ ಕತ್ತಿ ಎತ್ತಿ ಕುದುರೆ ಮೇಲೆ ಕೂತವನು ಅಂತ ವಿಡಿಯೋದವರು ಅಂದುಕೊಂಡಿದ್ದಾರೆ. ಅವನ ದಿನದ ಬಹುಪಾಲು ಹೋಗುತ್ತಿದ್ದದ್ದು ಲೆಕ್ಕದಲ್ಲಿ. ಕಾಲಾಳಿಗೆ ದಿನಕ್ಕೆ 8 ಪೆನ್ಸ್ ಸಂಬಳ (ಆಗ 12 ಪೆನ್ಸಿಗೆ ಒಂದು ಶಿಲ್ಲಿಂಗು, 20 ಶಿಲ್ಲಿಂಗಿಗೆ ಒಂದು ಪೌಂಡು). ಕಾಗದದ ಮೇಲೆ ಒಂದು ರೆಜಿಮೆಂಟಿಗೆ 1,200 ಜನ. ಅಂದರೆ ಒಂದೇ ರೆಜಿಮೆಂಟಿಗೆ ದಿನಕ್ಕೆ 40 ಪೌಂಡು, ವಾರಕ್ಕೆ 280. ಕುದುರೆ ಸವಾರನಿಗೆ ದಿನಕ್ಕೆ 2 ಶಿಲ್ಲಿಂಗಿಗೆ ಕಡಿಮೆ ಇಲ್ಲ, ಅದರಲ್ಲೇ ಕುದುರೆಯ ಮೇವೂ ಆಗಬೇಕು. 60 ಜನರ ಒಂದು ತುಕಡಿಗೇ ದಿನಕ್ಕೆ 6 ಪೌಂಡು. ಈ ಹಣ ಎಲ್ಲಿಂದ? 1643ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟ್ ವಾರದ ತೆರಿಗೆ ಹಾಕಿತು, ಮಾರ್ಚಿನಲ್ಲಿ ಅರಸನ ಕಡೆಯವರ ಆಸ್ತಿ ಜಪ್ತಿ ಮಾಡಲು ಆಜ್ಞೆ ಹೊರಡಿಸಿತು. ಚೆನ್ನಾಗಿದೆ. ಆದರೆ ತೆರಿಗೆ ಎತ್ತಲು ಆ ಊರು ನಿಮ್ಮ ಕೈಯಲ್ಲಿರಬೇಕು. ಊರು ಹೋದರೆ ಹಣ ಹೋಯಿತು, ಹಣ ಹೋದರೆ ದಂಡು ಕರಗಿತು, ದಂಡು ಕರಗಿದರೆ ಇನ್ನೊಂದು ಊರು ಹೋಯಿತು. ಲಂಡನ್ನಿನ ಹತ್ತಿರ ಇರುವ ಸೇನಾಪತಿಗೆ ಲಂಡನ್ನಿನ ವರ್ತಕರ ಥೈಲಿ ಇತ್ತು. ಯಾರ್ಕ್‌ಷೈರಿನವನಿಗೆ ಇದ್ದದ್ದು ಲೀಡ್ಸ್, ಬ್ರಾಡ್‌ಫರ್ಡ್, ಹ್ಯಾಲಿಫ್ಯಾಕ್ಸಿನ ಉಣ್ಣೆ ನೇಕಾರರು, ಮತ್ತು ಅವರ ಖಾಲಿಯಾಗುತ್ತಿದ್ದ ಹೊಟ್ಟೆ.

ಇನ್ನು ಕೋವಿಮದ್ದು. ಒಬ್ಬ ಕೋವಿಯವನ ಹೆಗಲ ಪಟ್ಟಿಗೆ ಸಾಮಾನ್ಯವಾಗಿ 12 ಮರದ ಕೊಳವೆಗಳು ತೂಗುತ್ತಿರುತ್ತವೆ, ಒಂದೊಂದರಲ್ಲಿ ಒಂದು ಸಲಕ್ಕೆ ಸಾಕಾಗುವಷ್ಟು ಮದ್ದು. ಮಸ್ಕೆಟ್ಟಿನ (ಆ ಕಾಲದ ಉದ್ದ ಕೋವಿ) ಗುಂಡು ಒಂದು ಪೌಂಡು ತೂಕಕ್ಕೆ 12. ಗುಂಡಿನ ಅರ್ಧ ತೂಕದ ಮದ್ದು ಅಂತ ಹಿಡಿದರೂ 1,000 ಕೋವಿಯವರು ಪಟ್ಟಿ ಒಂದು ಸಲ ಖಾಲಿ ಮಾಡಿದರೆ 500 ಪೌಂಡು, ಅಂದರೆ 100 ಪೌಂಡಿನ 5 ಪೀಪಾಯಿ. ಬೇಲಿ ಸಂದಿಯ ಕಾದಾಟದಲ್ಲಿ ಅದು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಅದರ ಮೇಲೆ ಹೊತ್ತಿಸುವ ಬತ್ತಿ ಬೇರೆ: ಶತ್ರು ಬರಲಿ ಬಿಡಲಿ, ಕಾವಲಿಗೆ ನಿಂತಷ್ಟು ಹೊತ್ತೂ ಉರಿಯುತ್ತಲೇ ಇರಬೇಕು. ಮಳೆ ಬಂದರೆ ಎರಡೂ ಕೆಟ್ಟವು.

ಇದು ಬರೀ ಲೆಕ್ಕ ಅಲ್ಲ. 1642ರ ಡಿಸೆಂಬರ್ ಮೊದಲ ವಾರ ಟ್ಯಾಡ್‌ಕ್ಯಾಸ್ಟರ್‌ನಲ್ಲಿ ಇದೇ ಆಯಿತು. ವಾರ್ಫ್ ನದಿಯ ಸೇತುವೆಯ ಆಚೀಚೆ ದಿನವಿಡೀ ಕಾದಾಟ. ಎದುರಿಗೆ ಉತ್ತರದಲ್ಲಿ ಅರಸನ ದಂಡಿನ ನಾಯಕ, ನ್ಯೂಕಾಸಲ್‌ನ ಅರ್ಲ್ (ಅರ್ಲ್ ಅನ್ನುವುದು ಬಿರುದು; ಮುಂದೆ ಬರೀ ನ್ಯೂಕಾಸಲ್ ಅನ್ನುತ್ತೇನೆ), ಅವನ ಬಳಿ ಹಲವು ಪಟ್ಟು ಹೆಚ್ಚು ಜನ. ಫೇರ್‌ಫ್ಯಾಕ್ಸ್ ಊರು ಬಿಟ್ಟುಕೊಡಲಿಲ್ಲ. ಆದರೆ ಸಂಜೆಗೆ ಮದ್ದು-ಗುಂಡು ಮುಗಿದಿತ್ತು. ರಾತ್ರೋರಾತ್ರಿ ದಂಡು ಕಟ್ಟಿಕೊಂಡು ಸೆಲ್ಬಿಗೆ ಜಾರಿಕೊಂಡ. ಇದನ್ನು ‘ಸೋಲು’ ಅಂತ ಬರೆಯುತ್ತಾರೆ. ಸರಿ, ಬರೆಯಲಿ. ಖಾಲಿ ಕೊಳವೆ ತೂಗುಹಾಕಿಕೊಂಡು ಬೆಳಗಿನವರೆಗೆ ಅಲ್ಲೇ ಇದ್ದಿದ್ದರೆ ಏನಂತ ಬರೆಯುತ್ತಿದ್ದರೋ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುವುದು ನಮ್ಮಲ್ಲಿ ಗಾದೆ. ಆತನಿಗೆ ಅದೇ ಯುದ್ಧನೀತಿ.

ಸೆಲ್ಬಿ ಊಜ್ ನದಿಯ ದಡದಲ್ಲಿದೆ, ಅಲ್ಲಿಂದ ಹಲ್ ಬಂದರಿಗೆ ದಾರಿ ಇದೆ. ಆದರೆ ನೇಯ್ಗೆಯ ಊರುಗಳು ಪಶ್ಚಿಮಕ್ಕೆ ಬೇರೆಯಾಗಿ ಉಳಿದವು. ಅಲ್ಲಿಗೆ ಮಗನನ್ನು ಕಳಿಸಿದ. 1643ರ ಜನವರಿ 23ರಂದು ಥಾಮಸ್ ಲೀಡ್ಸ್ ಹಿಡಿದ. ಸೈನ್ಯ ಅಂತ ಇದ್ದದ್ದರಲ್ಲಿ ಒಂದು ಪಾಲು ಕುಡುಗೋಲು, ದೊಣ್ಣೆ ಹಿಡಿದ ಊರ ಜನ. ಮಾರ್ಚ್ 30ರಂದು ಸೀಕ್ರಾಫ್ಟ್ ಮೂರ್‌ನಲ್ಲಿ (ಮೂರ್ ಅಂದರೆ ಬೋಳು ಬಯಲು) ಅದೇ ಜನ ಕುದುರೆಯ ದಾಳಿಗೆ ಸಿಕ್ಕಿ ನೂರುಗಟ್ಟಲೆ ಸೆರೆಯಾದರು. ಆದರೆ ಆ ದಿನ ಮಗ ಶತ್ರುವನ್ನು ತನ್ನ ಕಡೆ ಎಳೆದುಕೊಂಡ ಹೊತ್ತಿನಲ್ಲೇ ಅಪ್ಪ ಸೆಲ್ಬಿಯಿಂದ ಮುಖ್ಯ ದಂಡಿನ ಜೊತೆ ಸುರಕ್ಷಿತವಾಗಿ ಲೀಡ್ಸ್ ಸೇರಿಕೊಂಡ. ಸೆರೆಯಾದವರ ಹೆಂಡತಿ ಮಕ್ಕಳ ಗೋಳು ಬಾಗಿಲಿಗೆ ಬಂತು. ವಿನಿಮಯಕ್ಕೆ ಕೊಡಲು ತಮ್ಮ ಕೈಯಲ್ಲೂ ಸೆರೆಯಾಳುಗಳು ಬೇಕಲ್ಲ, ಮೇ 21ರಂದು ವೇಕ್‌ಫೀಲ್ಡ್ ಮೇಲೆ ಬಿದ್ದರು. 1,500 ಜನ ಹೋಗಿ 1,400ರಷ್ಟು ಸೆರೆಯಾಳುಗಳನ್ನೂ, ಅದಕ್ಕಿಂತ ಮುಖ್ಯವಾಗಿ ಮದ್ದಿನ ದಾಸ್ತಾನನ್ನೂ ತಂದರು. ಯುದ್ಧದ ‘ಮಹತ್ವದ ವಿಜಯ’ಗಳ ಹಿಂದೆ ಎಷ್ಟು ಸಲ ಇಂಥ ದಿನಸಿ ಚೀಟಿ ಇರುತ್ತದೆ ನೋಡಿ.

ಆಡ್ವಾಲ್ಟನ್ ಮೂರ್ ಸೋಲನ್ನು ಮುಚ್ಚಿಡಲಾರೆ. 1643ರ ಜೂನ್ 30. ಬ್ರಾಡ್‌ಫರ್ಡಿನಲ್ಲಿ ಹತ್ತು-ಹನ್ನೆರಡು ದಿನಕ್ಕಷ್ಟೇ ದವಸ ಉಳಿದಿತ್ತು, ಒಳಗೆ ಕೂತರೆ ಉಪವಾಸ. ಹಾಗಾಗಿ 3,000-4,000 ಜನ ಕಟ್ಟಿಕೊಂಡು 10,000 ಜನರ ನ್ಯೂಕಾಸಲ್ ದಂಡಿನ ಮೇಲೆ ಬೆಳಗಿನ ಜಾವ ಬೀಳುವುದು ಅಂತ ಯೋಜನೆ. ನಾಲ್ಕು ಗಂಟೆಗೆ ಹೊರಡಬೇಕಿದ್ದವರು ಹೊರಟದ್ದು ಏಳೋ ಎಂಟೋ ಗಂಟೆಗೆ. ಅಲ್ಲಿಗೆ ಅರ್ಧ ಕೆಟ್ಟಿತು. ಆದರೂ ಬೇಲಿ ಹಾಕಿದ ಹೊಲಗಳ ನಡುವೆ ಕೋವಿಯವರು ಚೆನ್ನಾಗಿಯೇ ಮುಂದೆ ಸಾಗಿದರು. ಬೇಲಿಯ ಮರೆಯಲ್ಲಿ ಕುದುರೆ ನುಗ್ಗಲಾರದು. ತಪ್ಪಾದದ್ದು ಬೇಲಿ ದಾಟಿ ಬಯಲಿಗೆ ಕಾಲಿಟ್ಟಾಗ. ಬಯಲಿನಲ್ಲಿ ಕೋವಿಯವನನ್ನು ಕಾಯುವುದು 16 ಅಡಿ ಉದ್ದದ ಭರ್ಜಿ, ಅದು ಇವರ ಬಳಿ ಸಾಲದು. ಎದುರಿನ ಭರ್ಜಿಯವರು ಒಟ್ಟಾಗಿ ನುಗ್ಗಿದರು, ಎಡಗಡೆ ಮುರಿಯಿತು, ಬಲಗಡೆಯಲ್ಲಿದ್ದ ಥಾಮಸ್‌ಗೆ ಅದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಒಂದೇ ಮಧ್ಯಾಹ್ನದಲ್ಲಿ ನೇಯ್ಗೆಯ ಊರುಗಳೆಲ್ಲ ಕೈಬಿಟ್ಟವು.

ಉಳಿದದ್ದು ಹಲ್ (ಹಲ್ಲು ಅಲ್ಲ ಮಾರಾಯ್ರೆ, ಹಲ್). ಅದೂ ಅದೃಷ್ಟಕ್ಕೆ: ಹಿಂದಿನ ದಿನ, ಜೂನ್ 29ರಂದೇ, ಹಾಥಮ್ ಅಪ್ಪ-ಮಗನನ್ನು ಬಂಧಿಸಲಾಗಿತ್ತು. (1645ರ ಜನವರಿಯಲ್ಲಿ ಇಬ್ಬರ ತಲೆಯೂ ಹೋಯಿತು.) ಬಾಗಿಲು ತೆರೆದಿದೆ ಅಂತ ಸುದ್ದಿ ಬಂದ ಕೂಡಲೇ ಫೇರ್‌ಫ್ಯಾಕ್ಸ್ ಅಳಿದುಳಿದವರ ಜೊತೆ ಹಲ್ ಸೇರಿ ಅದರ ಗವರ್ನರ್ ಆದ. ನನ್ನ ಪ್ರಕಾರ ಆ ಯುದ್ಧದ ಉತ್ತರದ ಕಥೆ ನಿಂತಿರುವುದು ಅಲ್ಲಿ ಮುಂದೆ ನಡೆದ ಸುಮಾರು ಆರು ವಾರಗಳ ಮುತ್ತಿಗೆಯ ಮೇಲೆ.

ಸೆಪ್ಟೆಂಬರ್ 2ರಂದು ನ್ಯೂಕಾಸಲ್ ಮುತ್ತಿಗೆ ಹಾಕಿದ. ಊರಿಗೆ ಬರುವ ಸಿಹಿನೀರನ್ನು ಮೊದಲು ತಡೆದ. ಗುಂಡುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಊರಿನ ಮೇಲೆ ಹಾರಿಸಲು ಶುರುಮಾಡಿದ. ಮರದ ಮನೆಗಳ ಊರಿಗೆ ಅದಕ್ಕಿಂತ ದೊಡ್ಡ ಭಯ ಇಲ್ಲ. ಆದರೆ ಹಲ್ ಇರುವುದು ಹಂಬರ್ ನದೀಮುಖದ ದಡದಲ್ಲಿ, ಸುತ್ತ ತಗ್ಗು ನೆಲ, ಸಮುದ್ರದ ಭರತದ (ಉಬ್ಬರದ) ನೀರನ್ನು ಏರಿ ಕಟ್ಟಿ ತಡೆದಿರುವ ಹುಲ್ಲುಗಾವಲು. ಸೆಪ್ಟೆಂಬರ್ 14ರಂದು ಫೇರ್‌ಫ್ಯಾಕ್ಸ್ ತೂಬು ತೆರೆಸಿ ಏರಿ ಕಡಿಸಿದ. ಭರತದ ನೀರು ನುಗ್ಗಿ ಮುತ್ತಿಗೆಯವರು ತೋಡಿದ ಕಂದಕಗಳನ್ನು ತುಂಬಿತು. ಫಿರಂಗಿ ನಿಲ್ಲಿಸಲು ಗಟ್ಟಿ ನೆಲ ಉಳಿದದ್ದು ಎತ್ತರದ ದಾರಿಗಳ ಮೇಲೆ ಮಾತ್ರ, ಅಲ್ಲಿ ನಿಂತರೆ ಕೋಟೆಯಿಂದ ನೇರ ಗುರಿ. ಏರಿ ಕಡಿಯುವುದು ಸುಲಭದ ತೀರ್ಮಾನ ಅಂದುಕೊಳ್ಳಬೇಡಿ. ಉಪ್ಪು ಬೆರೆತ ನೀರು ನುಗ್ಗಿದ ಗದ್ದೆ-ಗಾವಲು ತನ್ನದೇ ಊರಿನವರದು. ಕೆರೆ ಏರಿ ಒಡೆದರೆ ಏನಾಗುತ್ತದೆ ಅಂತ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಇನ್ನೊಂದು ಫಜೀತಿ: ಕುದುರೆಗಳು. ಮುತ್ತಿಗೆಯಲ್ಲಿ ಕುದುರೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ, ತಿನ್ನುವುದು ಮಾತ್ರ ತಪ್ಪದು. ಸುತ್ತ ಇದ್ದದ್ದೆಲ್ಲ ಉಪ್ಪುನೀರು, ದಿನವೂ ಕುದುರೆಗಳು ಸಾಯುತ್ತಿದ್ದವು. ಹಾಗಾಗಿ ಸೆಪ್ಟೆಂಬರ್ ಕೊನೆಗೆ ಸುಮಾರು 20 ತುಕಡಿ ಸವಾರರನ್ನು ದೋಣಿಗಳಲ್ಲಿ ಹಂಬರ್ ದಾಟಿಸಿ ಲಿಂಕನ್‌ಷೈರಿಗೆ ಥಾಮಸ್ ಜೊತೆ ಕಳಿಸಿದ. ಅಲ್ಲಿ ಅವರು ಸೇರಿಕೊಂಡದ್ದು ಯಾರನ್ನು? ವಿಡಿಯೋದವರ ಕ್ರಾಮ್‌ವೆಲ್‌ನನ್ನು! ಅಕ್ಟೋಬರ್ 11ರಂದು ವಿನ್ಸ್‌ಬಿಯಲ್ಲಿ ಇಬ್ಬರೂ ಸೇರಿ ಅರಸನ ಸವಾರರನ್ನು ಚದುರಿಸಿದರು. ಅದೇ ದಿನ ಇತ್ತ ಫೇರ್‌ಫ್ಯಾಕ್ಸ್‌ನ ಕಾಲಾಳುಗಳು ಹಲ್ ಬಾಗಿಲಿನಿಂದ ಹೊರಬಿದ್ದು ಮುತ್ತಿಗೆಯವರ ಫಿರಂಗಿಗಳನ್ನೇ ಕಸಿದುಕೊಂಡರು. 12ಕ್ಕೆ ನ್ಯೂಕಾಸಲ್ ಮುತ್ತಿಗೆ ಎತ್ತಿದ. ಸಮುದ್ರದ ಕಡೆಯಿಂದ ಹಲ್ ಅನ್ನು ಮುಚ್ಚಲು ಆತನಿಗೆ ಆಗಲೇ ಇಲ್ಲ, ನೌಕಾಪಡೆ ಪಾರ್ಲಿಮೆಂಟಿನ ಕೈಯಲ್ಲಿತ್ತು. ಉತ್ತರದ ಆ ದೊಡ್ಡ ದಂಡು ಆಗ ದಕ್ಷಿಣಕ್ಕೆ ಇಳಿದು ಲಂಡನ್ನಿನ ಕಡೆ ಹೋಗಿದ್ದರೆ ಪಾರ್ಲಿಮೆಂಟಿನ ಗತಿ ಏನಾಗುತ್ತಿತ್ತೋ. ಅದು ಹಲ್ ಎದುರಿನ ಕೆಸರಿನಲ್ಲಿ ಕಾಲು ಹೂತುಕೊಂಡು ನಿಂತಿತ್ತು. ವಿನ್ಸ್‌ಬಿ ವಿಡಿಯೋದಲ್ಲಿದೆ, 40 ಸೆಕೆಂಡು. ಹಲ್ ಇಲ್ಲ.

ಗೊತ್ತು, ಈಗ ಯಾರೋ ಬಂದು ಕೇಳುತ್ತಾರೆ: ‘ನಿಮ್ಮ ಫೇರ್‌ಫ್ಯಾಕ್ಸ್ ಮಾರ್ಸ್ಟನ್ ಮೂರ್‌ನಲ್ಲಿ ಓಡಿಹೋದನಲ್ಲ ಸ್ವಾಮಿ?’ ಓಡಿಹೋದ. 1644ರ ಜುಲೈ 2ರಂದು, ಯಾರ್ಕ್ ನಗರದ ಹತ್ತಿರದ ಆ ಯುದ್ಧದಲ್ಲಿ, ನಡುವಿನ ಅವನ ಕಾಲಾಳುಗಳು ಚದುರಿದರು, ಸೋತೆವು ಅಂತಲೇ ತಿಳಿದು ಆತ ಕಾವುಡ್‌ಗೆ ಹೋಗಿ ಮಲಗಿಬಿಟ್ಟ ಅನ್ನುತ್ತಾರೆ. ಅಲ್ಲಿ ಸೇರಿದ್ದ ಪಾರ್ಲಿಮೆಂಟಿನ ಕಡೆಯ ಮೂರು ದಂಡುಗಳಿಗೂ (ಸ್ಕಾಟರು ಆಗ ಪಾರ್ಲಿಮೆಂಟಿನ ಜೊತೆ) ಹಿರಿಯನಾಗಿದ್ದ ಸ್ಕಾಟ್ ಸೇನಾಪತಿ ಲೆವನ್ ಲೀಡ್ಸ್‌ವರೆಗೆ ಓಡಿದ, ಅವನ ಸುದ್ದಿ ಯಾರೂ ಎತ್ತುವುದಿಲ್ಲ. ನಿಜ ಹೇಳಲಾ, ಫೇರ್‌ಫ್ಯಾಕ್ಸ್ ನನಗೂ ಅಂಥ ಇಷ್ಟವಾಗುವ ಆಸಾಮಿ ಅಲ್ಲ. ನಿಧಾನ, ಗೊಣಗಾಟ, ಲಂಡನ್ನಿಗೆ ಮೇಲಿಂದ ಮೇಲೆ ಹಣ ಕಳಿಸಿ ಅನ್ನುವ ಪತ್ರ. ಆದರೆ ಆ ಬಯಲಿನಲ್ಲಿ ಪಾರ್ಲಿಮೆಂಟಿನ ಕಡೆ ಸುಮಾರು 28,000 ಜನ ಸೇರಿದ್ದಾದರೂ ಹೇಗೆ ಅಂತ ಕೇಳಿ. ಏಪ್ರಿಲ್ 11ರಂದು ಅಪ್ಪ-ಮಗ ಸೆಲ್ಬಿಗೆ ನುಗ್ಗಿ, ಯಾರ್ಕ್‌ಷೈರಿನ ಅರಸನ ದಂಡನ್ನು ಮುರಿದು, ಅದರ ನಾಯಕ ಬೆಲಾಸಿಸ್‌ನನ್ನೇ ಸೆರೆಹಿಡಿದರು. ಡರ್ಹಮ್‌ನಲ್ಲಿ ಸ್ಕಾಟರನ್ನು ಎದುರಿಸಿ ನಿಂತಿದ್ದ ನ್ಯೂಕಾಸಲ್‌ಗೆ ಬೆನ್ನ ಹಿಂದೆ ಯಾರ್ಕ್ ಹೋಗುವ ಭಯ ಹತ್ತಿತು, ಎಲ್ಲ ಬಿಟ್ಟು ಯಾರ್ಕ್‌ಗೆ ಓಡಿದ. ಸ್ಕಾಟರು ಹಿಂದೆಯೇ ಬಂದರು. ಮುತ್ತಿಗೆ ಬಿತ್ತು. ಮುತ್ತಿಗೆ ಬಿಡಿಸಲು ಅರಸನ ಕಡೆಯ ಸೇನಾಪತಿ, ರಾಜಕುಮಾರ ರೂಪರ್ಟ್ ಬಂದ. ಅದಕ್ಕೇ ಮಾರ್ಸ್ಟನ್ ಮೂರ್ ಯುದ್ಧ. ಸೆಲ್ಬಿ ಇಲ್ಲದಿದ್ದರೆ ಕ್ರಾಮ್‌ವೆಲ್ ಗೆಲ್ಲಲು ಅಲ್ಲಿ ಯುದ್ಧವೇ ಇರುತ್ತಿರಲಿಲ್ಲ.

ಯಾರ್ಕ್ ಜುಲೈ 16ರಂದು ಶರಣಾಯಿತು. ಚರ್ಚುಗಳನ್ನು ಕೆಡಿಸಬಾರದು ಅಂತ ಷರತ್ತಿನಲ್ಲೇ ಬರೆಸಿದರು; ಫೇರ್‌ಫ್ಯಾಕ್ಸ್ ಅಲ್ಲಿನ ಗವರ್ನರ್ ಆದ. ಅಲ್ಲಿನ ದೊಡ್ಡ ಚರ್ಚು ಯಾರ್ಕ್ ಮಿನ್‌ಸ್ಟರಿನ ಹಳೆಯ ಬಣ್ಣದ ಗಾಜಿನ ಕಿಟಕಿಗಳು ಇವತ್ತಿಗೂ ಇವೆ, ಅಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವವರು ಗಮನಿಸಿ.

ಮುಂದಿನದು ಚಿಕ್ಕದು. 1645ರ ಏಪ್ರಿಲ್ 3ರಂದು, ಪಾರ್ಲಿಮೆಂಟಿನ ಸದಸ್ಯರು ಸೇನೆಯ ಹುದ್ದೆ ಬಿಡಬೇಕು ಅಂತ ಆಜ್ಞೆ ಆಯಿತು. ಲಾರ್ಡ್ ಅನ್ನಿಸಿಕೊಂಡಿದ್ದರೂ ಫೇರ್‌ಫ್ಯಾಕ್ಸ್‌ನದು ಸ್ಕಾಟ್‌ಲೆಂಡಿನ ಬಿರುದು, ಕೂತಿದ್ದದ್ದು ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ. ಬಿಟ್ಟ. ಆತನ ಜಾಗಕ್ಕೆ ಪಾಯಿಂಟ್ಜ್ ಅನ್ನುವವನು ಬಂದ. ಅದೇ ಆಜ್ಞೆಯಲ್ಲಿ ಕ್ರಾಮ್‌ವೆಲ್ ಕೂಡ ಹೋಗಬೇಕಿತ್ತು, ಅವನಿಗೆ ಮಾತ್ರ ಅವಧಿ ಮುಂದೂಡುತ್ತಾ ಹೋದರು. 1648ರ ಮಾರ್ಚಿನಲ್ಲಿ ಕಾಲಿಗೆ ಆದ ಒಂದು ಪೆಟ್ಟು ಜ್ವರಕ್ಕೆ ತಿರುಗಿ ಫೇರ್‌ಫ್ಯಾಕ್ಸ್ ತೀರಿಕೊಂಡ. ಅರಸನ ತಲೆ ಹೋಗುವುದನ್ನು ನೋಡಲಿಲ್ಲ.

ಆ ಚಾನೆಲ್ಲಿನ ಮುಂದಿನ ವಿಡಿಯೋ ‘ಜಗತ್ತಿನ ಹತ್ತು ಮಹಾ ಮುತ್ತಿಗೆಗಳು’ ಅಂತೆ. ಅದರಲ್ಲಿ ಹಲ್ ಬಂದರೆ ಯಾರಾದರೂ ಇಲ್ಲಿ ಬಂದು ಹೇಳಿ. ನಾನು ಅನ್‌ಫಾಲೋ ಮಾಡಿಯಾಗಿದೆ.