ಅಮಾವಾಸ್ಯೆ ರಾತ್ರಿ ಕಾವಲು ಯಾರದು?

ನಿಮ್ಮ ಫ್ಯಾಂಟಸಿ ಕಥೆಯಲ್ಲಿ ಚಂದ್ರದೇವಿಯ ಯೋಧ ಪೂಜಾರಿಗಳ ಬಲ ಹುಣ್ಣಿಮೆಗೆ ಏರುತ್ತದೆ, ಅಮಾವಾಸ್ಯೆಗೆ ಇಳಿಯುತ್ತದೆ ಅಂತ ಬರೆದಿದ್ದೀರಿ. ಕಲ್ಪನೆ ಚೆನ್ನಾಗಿದೆ. ಆದರೆ ಶತ್ರುವಿಗೂ ದಿನ ಎಣಿಸೋಕೆ ಬರುತ್ತದೆ ಅಲ್ವಾ? ಸುಮಾರು 29.5 ದಿನಕ್ಕೊಮ್ಮೆ ಕತ್ತಲ ರಾತ್ರಿ ಬಂದೇ ಬರುತ್ತದೆ. ಆ ರಾತ್ರಿ ಮಂತ್ರವಿಲ್ಲದೆ, ಬರೀ ಕತ್ತಿ ಹಿಡಿದು ಗೋಡೆ ಮೇಲೆ ನಿಂತವರ ಕಥೆಯೇ ನನಗೆ ಜಾಸ್ತಿ ಬೇಕು. ಇತಿಹಾಸದಲ್ಲಿ ನಿಜವಾಗಿ ಇದ್ದ ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳೂ ದೇವರೊಬ್ಬನನ್ನೇ ನೆಚ್ಚಿ ಸುಮ್ನೆ ಕೂರಲಿಲ್ಲ, ಕೋಟೆ ಕಟ್ಟಿದ್ದರು (1312ರಲ್ಲಿ ಪೋಪ್ ಆ ಪಂಗಡವನ್ನೇ ರದ್ದು ಮಾಡಿದರು, ಅದು ಬೇರೆ ಮಾತು).

ಇನ್ನೊಂದು. ದೀಕ್ಷೆಯ ದೃಶ್ಯದಲ್ಲಿ ನಡುರಾತ್ರಿ ನೆತ್ತಿ ಮೇಲೆ ಬಿದಿಗೆ ಚಂದ್ರ ಇದೆ. ಬಿದಿಗೆ ಚಂದ್ರ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಮುಳುಗುತ್ತದೆ. ದೇವಿಯೇ ಎದ್ದು ಹೋದ ಮೇಲೆ ದೀಕ್ಷೆ ಕೊಟ್ಟವರು ಯಾರು?